ಎರಡು ತೂಕದ ಕಲ್ಲು: ಹವಾಮಾನ ಮಸೂದೆಗಳಲ್ಲಿ ಪಕ್ಷನಿಷ್ಠೆ ಮತ್ತು ರಾಷ್ಟ್ರಹಿತ

ಶಾಸನಸಭೆಯಲ್ಲಿ ಒಂದು ಮಸೂದೆಯನ್ನು ಮತಕ್ಕೆ ಹಾಕಿದಾಗ ಸದಸ್ಯನೊಬ್ಬನು ಹೇಳುವ 'ಹೌದು' ಅಥವಾ 'ಇಲ್ಲ' ಎಂಬ ಮಾತು ಯಾರದು? ಅವನನ್ನು ಚುನಾವಣೆಗೆ ನಿಲ್ಲಿಸಿದ ಪಕ್ಷದ್ದೋ, ಆರಿಸಿ ಕಳುಹಿಸಿದ ಕ್ಷೇತ್ರದ್ದೋ, ಸಮಗ್ರ ರಾಷ್ಟ್ರದ್ದೋ ಅಥವಾ ಅವನ ಅಂತಃಕರಣದ್ದೋ? ಸಾಮಾನ್ಯ ದಿನಗಳಲ್ಲಿ ಈ ಪ್ರಶ್ನೆ ಏಳುವುದಿಲ್ಲ. ನಾಲ್ಕೂ ಒಂದೇ ದಿಕ್ಕಿಗೆ ಮುಖ ಮಾಡಿರುವಾಗ ಸದಸ್ಯನಿಗೆ ಯಾವ ಸಂಕಟವೂ ಇರುವುದಿಲ್ಲ. ಅವು ಬೇರೆ ಬೇರೆ ದಿಕ್ಕಿಗೆ ತಿರುಗಿದಾಗ ಮಾತ್ರ ಅವನ ಯೋಗ್ಯತೆಯ ಪರೀಕ್ಷೆಯಾಗುತ್ತದೆ.

ಹವಾಮಾನ ಬದಲಾವಣೆಗೆ ಸಂಬಂಧಿಸಿದ ಶಾಸನವು ಈ ಪರೀಕ್ಷೆಯನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಇದರಲ್ಲಿ ಖರ್ಚು ಇಂದಿನ ಲೆಕ್ಕಕ್ಕೆ ಬೀಳುತ್ತದೆ, ಲಾಭವು ಬಹುಪಾಲು ಮುಂದಿನ ಪೀಳಿಗೆಗಳ ಲೆಕ್ಕಕ್ಕೆ ಜಮೆಯಾಗುತ್ತದೆ. ಇಂದು ವಿದ್ಯುತ್ತಿಗೆ ಹೆಚ್ಚು ಬೆಲೆ ಕೊಡುವವನು ಮತದಾರ. ಫಲವನ್ನು ಅನುಭವಿಸುವವನು ಇನ್ನೂ ಹುಟ್ಟಿಲ್ಲ. ಬರ, ನೆರೆ, ಕಾಳ್ಗಿಚ್ಚುಗಳಿಗೆ ಮೊದಲು ಬಲಿಯಾಗುವ ಮೂಕ ಪ್ರಾಣಿಗಳಿಗೆ ಯಾವ ದೇಶದ ಮತದಾರರ ಪಟ್ಟಿಯಲ್ಲಿಯೂ ಸ್ಥಾನವಿಲ್ಲ. ಆದ್ದರಿಂದ ಇಂತಹ ಮಸೂದೆಯ ಮೇಲೆ ಮತ ನೀಡುವ ಶಾಸಕನು ಮತವಿಲ್ಲದವರ ಪರವಾಗಿಯೂ ಮತ ನೀಡುತ್ತಿರುತ್ತಾನೆ. ಅವನ ಸ್ಥಾನವು ಅಪ್ರಾಪ್ತ ವಯಸ್ಕರ ಆಸ್ತಿಯನ್ನು ನೋಡಿಕೊಳ್ಳುವ ವಿಶ್ವಸ್ತನ ಸ್ಥಾನಕ್ಕೆ ಸಮಾನವಾದುದು.

ಈ ವಿಷಯವನ್ನು ಕೇವಲ ತತ್ತ್ವವಾಗಿ ಚರ್ಚಿಸುವುದಕ್ಕಿಂತ ನಡೆದ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಲೇಸು. ಇದಕ್ಕೆ ಆಸ್ಟ್ರೇಲಿಯಾ ದೇಶದ ಸಂಸತ್ತಿಗಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ. 2009ರಿಂದ 2022ರವರೆಗೆ ಇದೇ ಪ್ರಶ್ನೆ ಅಲ್ಲಿಯ ಎರಡೂ ಸದನಗಳ ಮುಂದೆ ಮತ್ತೆ ಮತ್ತೆ ಬಂದಿದೆ. ಯಾರು ಯಾವ ಕಡೆ ಮತ ನೀಡಿದರೆಂಬುದು ಹೆಸರುಸಹಿತ ದಾಖಲಾಗಿದೆ. ಆ ದೇಶವು ಜಗತ್ತಿನಲ್ಲಿ ಅತಿ ಹೆಚ್ಚು ಕಲ್ಲಿದ್ದಲು ರಫ್ತು ಮಾಡುವ ರಾಷ್ಟ್ರಗಳಲ್ಲಿ ಒಂದು. ಭಾರತದ ಉಕ್ಕಿನ ಕಾರ್ಖಾನೆಗಳಿಗೆ ಬರುವ ಕೋಕಿಂಗ್ ಕಲ್ಲಿದ್ದಲಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಅದೇ ಕಾಲಕ್ಕೆ ಬರ ಮತ್ತು ಕಾಳ್ಗಿಚ್ಚುಗಳಿಂದ ಬಹಳವಾಗಿ ನೊಂದಿರುವ ಒಣ ಭೂಖಂಡವೂ ಅದೇ. ಹೀಗಾಗಿ ಲಾಭ ನಷ್ಟಗಳೆರಡೂ ಅಲ್ಲಿ ಒಂದೇ ಮನೆಯಲ್ಲಿವೆ.

ಇಬ್ಬರೂ ಒಪ್ಪಿದ್ದ ಮಾತು

ಇಂಗಾಲದ ಪರವಾನಗಿಗಳ ವ್ಯಾಪಾರವೆಂಬ ವ್ಯವಸ್ಥೆಯ ಸ್ವರೂಪ ಸರಳವಾದುದು. ವರ್ಷಕ್ಕೆ ಇಂತಿಷ್ಟು ಟನ್ ಹೊಗೆಯನ್ನು ಮಾತ್ರ ದೇಶವು ಹೊರಸೂಸಬಹುದೆಂದು ಸರಕಾರ ಮಿತಿ ಹಾಕುತ್ತದೆ. ಆ ಮಿತಿಗೆ ತಕ್ಕಷ್ಟು ಪರವಾನಗಿಗಳನ್ನು ಹೊರಡಿಸುತ್ತದೆ. ಹೊಗೆ ಉಗುಳುವ ಕಾರ್ಖಾನೆಯು ಪರವಾನಗಿಯನ್ನು ಕೊಳ್ಳಬೇಕು. ಹೊಗೆಯನ್ನು ತಗ್ಗಿಸಿದವನು ಉಳಿದ ಪರವಾನಗಿಯನ್ನು ಮಾರಿಕೊಳ್ಳಬಹುದು. ವರ್ಷ ವರ್ಷಕ್ಕೂ ಮಿತಿಯನ್ನು ಇಳಿಸುತ್ತ ಹೋದರೆ ಮಾಲಿನ್ಯಕ್ಕೆ ಒಂದು ಬೆಲೆ ಬರುತ್ತದೆ. ಬೆಲೆ ಬಂದ ಮೇಲೆ ಮಿತವ್ಯಯವೂ ತಾನಾಗಿ ಬರುತ್ತದೆ.

ಈ ವ್ಯವಸ್ಥೆಯು ಆಸ್ಟ್ರೇಲಿಯಾದಲ್ಲಿ ಮೊದಲಿಗೆ ಒಂದು ಪಕ್ಷದ ಸ್ವತ್ತಾಗಿರಲಿಲ್ಲ. 2007ರ ಜೂನ್ ತಿಂಗಳಲ್ಲಿ, ಲಿಬರಲ್ ಪಕ್ಷದ ಪ್ರಧಾನಿ ಜಾನ್ ಹೋವರ್ಡ್ ಅವರು 2012ರೊಳಗೆ ಇದನ್ನು ಜಾರಿಗೆ ತರುವುದಾಗಿ ಘೋಷಿಸಿದರು. ಅದೇ ವರ್ಷದ ನವೆಂಬರ್ ಚುನಾವಣೆಗೆ ಲಿಬರಲ್ ಮತ್ತು ಲೇಬರ್ ಪಕ್ಷಗಳೆರಡೂ ಇದನ್ನು ಒಪ್ಪಿಯೇ ಹೋಗಿದ್ದವು. ಗೆದ್ದು ಬಂದ ಲೇಬರ್ ಪಕ್ಷದ ಕೆವಿನ್ ರಡ್ ಅವರು ಕ್ಯೋಟೋ ಒಪ್ಪಂದವನ್ನು ಅನುಮೋದಿಸಿದರು. ಹವಾಮಾನ ಬದಲಾವಣೆಯನ್ನು ತಮ್ಮ ಪೀಳಿಗೆಯ ಮಹತ್ತರ ನೈತಿಕ ಸವಾಲೆಂದು ಕರೆದರು. ಅಂದರೆ ಮತದಾರನು ಯಾವ ದೊಡ್ಡ ಪಕ್ಷಕ್ಕೆ ಮತ ನೀಡಿದ್ದರೂ ಈ ಒಂದು ವಿಷಯದಲ್ಲಿ ಒಂದೇ ಆದೇಶವನ್ನು ನೀಡಿದಂತಾಗಿತ್ತು. ಮುಂದೆ ನಡೆದುದನ್ನು ತೂಗಿ ನೋಡುವಾಗ ಈ ಸಂಗತಿಯನ್ನು ಮರೆಯಲಾಗದು.

ರಡ್ ಸರಕಾರದ ಮಸೂದೆಯನ್ನು ಸೆನೆಟ್ ಎಂಬ ಮೇಲ್ಮನೆಯು 2009ರ ಆಗಸ್ಟ್ 13ರಂದು 42ಕ್ಕೆ 30 ಮತಗಳಿಂದ ತಿರಸ್ಕರಿಸಿತು. ಬಳಿಕ ಸರಕಾರವು ವಿರೋಧ ಪಕ್ಷದೊಡನೆ ಮಾತುಕತೆಗೆ ಕುಳಿತಿತು. ವಿರೋಧ ಪಕ್ಷದ ನಾಯಕರಾಗಿದ್ದ ಮಾಲ್ಕಮ್ ಟರ್ನ್‌ಬುಲ್ ಅವರಿಗೆ ಈ ಶಾಸನ ಬೇಕಾಗಿತ್ತು. ಉದ್ದಿಮೆಗಳಿಗೆ ಹೆಚ್ಚಿನ ಪರಿಹಾರ ನೀಡುವ ತಿದ್ದುಪಡಿಗಳೊಂದಿಗೆ ನವೆಂಬರ್ ಕೊನೆಯ ವಾರದಲ್ಲಿ ಉಭಯ ಪಕ್ಷಗಳ ನಡುವೆ ಒಪ್ಪಂದವಾಯಿತು. ಆದರೆ ಟರ್ನ್‌ಬುಲ್ ಅವರ ಪಕ್ಷದೊಳಗೇ ಬಂಡಾಯ ಎದ್ದಿತು. ಡಿಸೆಂಬರ್ 1ರಂದು ನಡೆದ ಪಕ್ಷದ ನಾಯಕತ್ವದ ಚುನಾವಣೆಯಲ್ಲಿ ಟೋನಿ ಅಬಾಟ್ ಅವರು 42ಕ್ಕೆ 41ರಂತೆ, ಒಂದೇ ಒಂದು ಮತದಿಂದ ಗೆದ್ದರು. ಅದೇ ಸಭೆಯು ಗುಪ್ತ ಮತದಾನದ ಮೂಲಕ, 54ಕ್ಕೆ 29ರಂತೆ, ಮಸೂದೆಯನ್ನು ಮುಂದೂಡಿಸುವುದು ಅಥವಾ ವಿರೋಧಿಸುವುದು ಎಂದು ತೀರ್ಮಾನಿಸಿತು. ಮರುದಿನ ಸೆನೆಟ್ ಸಭೆಯು 41ಕ್ಕೆ 33 ಮತಗಳಿಂದ ಮಸೂದೆಯನ್ನು ಎರಡನೆಯ ಬಾರಿ ಕೆಡವಿತು. ಪಕ್ಷದ ಕೋಣೆಯಲ್ಲಿ 29 ಮಂದಿ ಶಾಸನವನ್ನು ಉಳಿಸಬೇಕೆಂದಿದ್ದರು. ಬಹಿರಂಗ ಸದನದಲ್ಲಿ ಆ ಪಕ್ಷದ ಸಾಲು ಬಿಟ್ಟು ಮಸೂದೆಯ ಪರ ಮತ ನೀಡಿದ ಸೆನೆಟರುಗಳು ಇಬ್ಬರೇ.

ಮೂರು ಪಕ್ಷಗಳು, ಮೂರು ದೋಷಗಳು

ಅಂದು 'ಹೌದು' ಎಂದವರೂ 'ಇಲ್ಲ' ಎಂದವರೂ ರಾಷ್ಟ್ರಹಿತದ ಹೆಸರನ್ನೇ ಹೇಳಿದರು. ಕಲ್ಲಿದ್ದಲು ಗಣಿಯ ಕಾರ್ಮಿಕನ ಅನ್ನವೂ ರಾಷ್ಟ್ರಹಿತವೇ. ಅವನ ಮೊಮ್ಮಗನ ನೀರೂ ರಾಷ್ಟ್ರಹಿತವೇ. ಆದ್ದರಿಂದ ಫಲಾನಾ ಕಡೆಯವರು ದೇಶಭಕ್ತರು, ಉಳಿದವರು ದ್ರೋಹಿಗಳು ಎಂದು ತೀರ್ಪು ಕೊಡುವುದು ವಿಮರ್ಶೆಯಾಗದು. ಕೇಳಬೇಕಾದ ಪ್ರಶ್ನೆ ಬೇರೆ: ಈ ಮತವು ವಿಷಯವನ್ನು ತೂಗಿ ನೀಡಿದುದೇ, ಅಥವಾ ವಿಷಯವನ್ನು ತಂದವರು ಯಾರೆಂದು ನೋಡಿ ನೀಡಿದುದೇ?

ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳ್ಳುವಾಗ ಒಂದು ತೂಕದ ಕಲ್ಲು, ಮಾರುವಾಗ ಇನ್ನೊಂದು ತೂಕದ ಕಲ್ಲು ಬಳಸುವುದನ್ನು ಆಚಾರ್ಯರು 'ಹೀನಾಧಿಕ ಮಾನೋನ್ಮಾನ' ಎಂದು ಕರೆದು, ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅಂಗಡಿಯಲ್ಲಿ ದೋಷವೆನಿಸುವುದು ಶಾಸನಸಭೆಯಲ್ಲಿ ಚತುರತೆ ಎನಿಸಲಾರದು. ಅಧಿಕಾರದಲ್ಲಿದ್ದಾಗ ಒಂದು ತೂಕ, ವಿರೋಧದಲ್ಲಿ ಕುಳಿತಾಗ ಇನ್ನೊಂದು ತೂಕ ಹಿಡಿಯುವ ಪಕ್ಷವು ಮಸೂದೆಯನ್ನು ತೂಗುತ್ತಿಲ್ಲ. ತನ್ನ ಲಾಭವನ್ನು ತೂಗುತ್ತಿದೆ.

ಈ ಅಳತೆಯಲ್ಲಿ ಲಿಬರಲ್ ಪಕ್ಷದ ನಡತೆ ಮೊದಲು ಸಿಕ್ಕಿಬೀಳುತ್ತದೆ. 2007ರಲ್ಲಿ ತಾನೇ ಭರವಸೆ ನೀಡಿದ್ದ ವ್ಯವಸ್ಥೆಯನ್ನು 2009ರಲ್ಲಿ ಎದುರಾಳಿಯು ತಂದಾಗ ಅದು ತಿರಸ್ಕರಿಸಿತು. ನಡುವೆ ವಿಜ್ಞಾನವು ಬದಲಾಗಿರಲಿಲ್ಲ, ಬದಲಾಗಿದ್ದುದು ಆಸನ. ಆ ಎರಡು ವರ್ಷಗಳಲ್ಲಿ ಜಗತ್ತಿನ ಆರ್ಥಿಕ ಕುಸಿತ ಬಂದಿತ್ತು, ಅದರಿಂದಾಗಿ ಮರುಪರಿಶೀಲನೆ ಬೇಕೆಂದು ವಾದಿಸುವ ಹಕ್ಕು ಆ ಪಕ್ಷಕ್ಕೆ ಇತ್ತು ಎಂಬುದನ್ನು ಒಪ್ಪಬೇಕು. ಆದರೆ ಆ ವಾದಕ್ಕೆ ತಕ್ಕ ತಿದ್ದುಪಡಿಗಳನ್ನು ತಾನೇ ಕೇಳಿ, ಪಡೆದು, ಕೈಕುಲುಕಿ, ವಾರದೊಳಗೆ ಒಪ್ಪಂದವನ್ನು ಮುರಿದುದಕ್ಕೆ ಆರ್ಥಿಕ ಕುಸಿತದ ಸಮರ್ಥನೆ ಸಾಲದು.

ಎರಡನೆಯದು ಗ್ರೀನ್ಸ್ ಪಕ್ಷದ ನಡತೆ. ಪರಿಸರ ರಕ್ಷಣೆಯೇ ಆ ಪಕ್ಷದ ಜನ್ಮಕಾರಣ. ಆದರೂ ಅದರ ಐವರು ಸೆನೆಟರುಗಳು ಮಸೂದೆಯ ವಿರುದ್ಧ ಮತ ನೀಡಿದರು. 2000ನೆಯ ವರ್ಷದ ಮಟ್ಟಕ್ಕಿಂತ ಕೇವಲ ಶೇಕಡ 5ರಷ್ಟು ನಿಶ್ಚಿತ ಇಳಿಕೆ ಸಾಲದು, ಮಾಲಿನ್ಯಕಾರರಿಗೆ ನೀಡಿದ ಪರಿಹಾರ ಅತಿಯಾಯಿತು ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಸತ್ಯಾಂಶವಿತ್ತು, ಎರಡು ತೂಕದ ದೋಷವೂ ಅವರಲ್ಲಿ ಇರಲಿಲ್ಲ. ಆದರೆ ಇನ್ನೊಂದು ದೋಷವಿತ್ತು. ಅಂದಿನ 41 ಮತ್ತು 33ರ ಲೆಕ್ಕದಲ್ಲಿ ಈ ಐದು ಮತಗಳು ಕಡೆ ಬದಲಿಸಿದ್ದರೆ 36ಕ್ಕೆ 38ರಂತೆ ಮಸೂದೆಯು ಅಂಗೀಕಾರವಾಗುತ್ತಿತ್ತು. ಮಹಾವ್ರತ ಸಾಧ್ಯವಾಗದವನು ಅಣುವ್ರತವನ್ನೂ ಬಿಡಬೇಕೆಂದು ಯಾವ ಗುರುವೂ ಬೋಧಿಸುವುದಿಲ್ಲ. ಪಕ್ಷದ ಶುದ್ಧಿಯನ್ನು ಕಾಪಾಡುವ ಆಗ್ರಹವೂ ಪಕ್ಷನಿಷ್ಠೆಯ ಒಂದು ರೂಪವೇ ಆಗಿದೆ.

ಮೂರನೆಯದು ಸರಕಾರ ನಡೆಸುತ್ತಿದ್ದ ಲೇಬರ್ ಪಕ್ಷದ ನಡತೆ. ಎರಡು ಬಾರಿ ತಿರಸ್ಕೃತವಾದ ಮಸೂದೆಯನ್ನು ಹಿಡಿದು ಎರಡೂ ಸದನಗಳನ್ನು ವಿಸರ್ಜಿಸಿ ಜನರ ಮುಂದೆ ಹೋಗಲು ಆ ದೇಶದ ಸಂವಿಧಾನದ 57ನೆಯ ವಿಧಿಯು ಅವಕಾಶ ನೀಡುತ್ತದೆ. ರಡ್ ಅವರು ಆ ದಾರಿಯನ್ನು ಹಿಡಿಯಲಿಲ್ಲ. 2010ರ ಏಪ್ರಿಲ್‌ನಲ್ಲಿ ಯೋಜನೆಯನ್ನೇ ಮುಂದೂಡಿದರು. ಮಹತ್ತರ ನೈತಿಕ ಸವಾಲೆಂದು ಕರೆದುದನ್ನು, ಚುನಾವಣೆಯಲ್ಲಿ ನಷ್ಟವಾದೀತೆಂಬ ಅಂಜಿಕೆ ಹುಟ್ಟಿದೊಡನೆ ಮೂಲೆಗಿಟ್ಟುದು ಜನರ ವಿಶ್ವಾಸವನ್ನು ಕುಂದಿಸಿತು. ಎರಡು ತಿಂಗಳಲ್ಲಿ ಅವರ ಪಕ್ಷವೇ ಅವರನ್ನು ಪ್ರಧಾನಿ ಪದವಿಯಿಂದ ಇಳಿಸಿತು. ಒಂದು ಪಕ್ಷವು ಎದುರಾಳಿಯ ಮೇಲಣ ಹಗೆಗೆ ನಿಷ್ಠವಾಗಿತ್ತು, ಇನ್ನೊಂದು ತನ್ನ ಶುದ್ಧಿಗೆ, ಮತ್ತೊಂದು ತನ್ನ ಗೆಲುವಿಗೆ. ಮೂವರ ನಿಷ್ಠೆಗಳ ನಡುವೆ ಮಸೂದೆಯು ಅನಾಥವಾಯಿತು.

ಅಂಗಳ ದಾಟಿದವರು

ಸದಸ್ಯನು ತನ್ನ ಪಕ್ಷದ ಸಾಲನ್ನು ಬಿಟ್ಟು, ಸದನದ ನಡುವಣ ಅಂಗಳವನ್ನು ದಾಟಿ, ಎದುರು ಕಡೆಯವರೊಡನೆ ಕುಳಿತು ಮತ ನೀಡುವ ಪದ್ಧತಿ ಆಸ್ಟ್ರೇಲಿಯಾದಲ್ಲಿದೆ. 2009ರ ಡಿಸೆಂಬರ್ 2ರಂದು ಲಿಬರಲ್ ಪಕ್ಷದ ಜುಡಿತ್ ಟ್ರೋತ್ ಮತ್ತು ಸೂ ಬಾಯ್ಸ್ ಎಂಬ ಇಬ್ಬರು ಮಹಿಳಾ ಸೆನೆಟರುಗಳು ಹೀಗೆ ದಾಟಿದರು. ತಮ್ಮ ಎರಡು ಮತಗಳಿಂದ ಮಸೂದೆ ಉಳಿಯದೆಂಬುದು ಅವರಿಗೆ ತಿಳಿದಿತ್ತು. ತಮ್ಮ ಪಕ್ಷವೇ ಹಿಂದಿನ ವಾರ ಒಪ್ಪಿದ್ದ ಮಾತಿಗೆ ಅವರು ನಿಂತರು. ನಿಜವಾಗಿ ನೋಡಿದರೆ ಪಕ್ಷದ ಮಾತಿಗೆ ನಿಷ್ಠರಾದವರು ಈ ಇಬ್ಬರೇ. ಮಾತು ತಪ್ಪಿದುದು ಪಕ್ಷ. ನಾಯಕತ್ವವನ್ನು ಕಳೆದುಕೊಂಡ ಟರ್ನ್‌ಬುಲ್ ಅವರೂ 2010ರ ಫೆಬ್ರವರಿಯಲ್ಲಿ ಕೆಳಮನೆಯಲ್ಲಿ ಅಂಗಳ ದಾಟಿ ಮಸೂದೆಯ ಪರ ಮತ ನೀಡಿದರು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಲಿಬರಲ್ ಪಕ್ಷವು ಸಾಮಾನ್ಯ ಸದಸ್ಯನಿಗೆ ಅಂಗಳ ದಾಟುವ ಹಕ್ಕನ್ನು ತಾತ್ತ್ವಿಕವಾಗಿ ಒಪ್ಪುತ್ತದೆ. ದಾಟಿದವನು ಪದವಿಗಳ ಆಸೆಯನ್ನು ಬಿಡಬೇಕಾಗಬಹುದು, ಅಷ್ಟೆ. ಲೇಬರ್ ಪಕ್ಷದಲ್ಲಿ ಶಾಸಕಾಂಗ ಪಕ್ಷದ ತೀರ್ಮಾನಕ್ಕೆ ಬದ್ಧನಾಗಿರುವೆನೆಂಬ ಪ್ರತಿಜ್ಞೆ ಇದೆ. ಮುರಿದವನು ಪಕ್ಷದಿಂದಲೇ ಹೊರಬೀಳುವ ಸಂಭವ ಹೆಚ್ಚು. ಆದರೆ ಎರಡರಲ್ಲಿ ಯಾವುದಾದರೂ ಸದಸ್ಯತ್ವಕ್ಕೆ ಚ್ಯುತಿಯಿಲ್ಲ. ಪಕ್ಷವು ಅವನನ್ನು ಬಿಡಬಹುದು, ಸದನವು ಬಿಡುವುದಿಲ್ಲ.

ಅಲ್ಲಿಂದ ಮುಂದಿನ ಕಥೆ ಗಾಣದೆತ್ತಿನ ಸುತ್ತಾಟದಂತೆ ಇದೆ. 2010ರ ಚುನಾವಣೆಗೆ ಮುನ್ನ ತಮ್ಮ ಸರಕಾರದಲ್ಲಿ ಇಂಗಾಲದ ತೆರಿಗೆ ಇರುವುದಿಲ್ಲವೆಂದಿದ್ದ ಜೂಲಿಯಾ ಗಿಲಾರ್ಡ್ ಅವರು, ಬಹುಮತವಿಲ್ಲದೆ ಗ್ರೀನ್ಸ್ ಮತ್ತು ಪಕ್ಷೇತರರ ಬೆಂಬಲ ಪಡೆದು, 2011ರಲ್ಲಿ ಇಂಗಾಲಕ್ಕೆ ಬೆಲೆ ಕಟ್ಟುವ ಶಾಸನವನ್ನು ತಂದರು. ಅದು ಕೆಳಮನೆಯಲ್ಲಿ 74ಕ್ಕೆ 72, ಸೆನೆಟ್‌ನಲ್ಲಿ 36ಕ್ಕೆ 32 ಮತಗಳಿಂದ ಅಂಗೀಕಾರವಾಯಿತು. 2012ರ ಜುಲೈ 1ರಿಂದ ಟನ್ನಿಗೆ 23 ಡಾಲರಿನ ಬೆಲೆ ಜಾರಿಗೆ ಬಂದಿತು. ಅಬಾಟ್ ಅವರು ಇದನ್ನೇ ಮುಂದಿಟ್ಟುಕೊಂಡು 2013ರ ಚುನಾವಣೆ ಗೆದ್ದು, 2014ರ ಜುಲೈ 17ರಂದು ಸೆನೆಟ್‌ನಲ್ಲಿ 39ಕ್ಕೆ 32 ಮತಗಳಿಂದ ಶಾಸನವನ್ನು ರದ್ದುಪಡಿಸಿದರು. ಜನಾದೇಶ ಪಡೆದೇ ರದ್ದು ಮಾಡಿದರೆಂಬುದು ನಿಜ. ಆದರೆ ಆ ಜನಾದೇಶ ಹೇಗೆ ದೊರೆಯಿತು? ಅವರ ಕಚೇರಿಯ ಮುಖ್ಯಸ್ಥೆಯಾಗಿದ್ದ ಪೀಟಾ ಕ್ರೆಡ್ಲಿನ್ ಅವರು 2017ರಲ್ಲಿ, ಅದು ವಾಸ್ತವವಾಗಿ ತೆರಿಗೆಯೇ ಆಗಿರಲಿಲ್ಲ, ಪರಿಸರದ ಪ್ರಶ್ನೆಯನ್ನು ಜನರ ಜೇಬಿನ ಪ್ರಶ್ನೆಯನ್ನಾಗಿ ಮಾಡಿದುದು ತಮ್ಮ ರಾಜಕೀಯ ತಂತ್ರವೆಂದು ಬಹಿರಂಗವಾಗಿಯೇ ಹೇಳಿದರು. ಗೆದ್ದ ಮೇಲೆ ತಂತ್ರವನ್ನು ಒಪ್ಪಿಕೊಂಡರೆ ತೂಕದ ಕಲ್ಲು ಸರಿಹೋಗುವುದಿಲ್ಲ.

2015ರಲ್ಲಿ ಟರ್ನ್‌ಬುಲ್ ಅವರು ಪ್ರಧಾನಿಯಾದರು. 2018ರ ಆಗಸ್ಟ್‌ನಲ್ಲಿ ಹೊಗೆ ಇಳಿಕೆಯ ಗುರಿಯನ್ನು ಶಾಸನದಲ್ಲಿ ಸೇರಿಸಲು ಹೊರಟಾಗ ಸ್ವಪಕ್ಷದ ಕೆಲವರೇ ವಿರುದ್ಧ ಮತ ನೀಡುವ ಬೆದರಿಕೆ ಹಾಕಿದರು. ಅಂದು ಅವರ ಬಹುಮತ ಕೇವಲ ಒಂದು ಸ್ಥಾನದ್ದು. ಅವರು ಗುರಿಯನ್ನು ಕೈಬಿಟ್ಟರು. ಅದೇ ವಾರ ಪದವಿಯನ್ನೂ ಕಳೆದುಕೊಂಡರು. 2010ರಲ್ಲಿ ಸಾಮಾನ್ಯ ಸದಸ್ಯನಾಗಿ ಅಂಗಳ ದಾಟಿದವರು 2018ರಲ್ಲಿ ಪ್ರಧಾನಿಯಾಗಿ ಹಿಂಜರಿದರು ಎಂಬುದನ್ನು ವಿಮರ್ಶಕರು ಹೇಳದಿರಲಾಗದು. ಪದವಿಯಿಲ್ಲದಾಗ ಸುಲಭವೆನಿಸುವ ಧೈರ್ಯವು ಪದವಿಯಿದ್ದಾಗ ದುಬಾರಿಯಾಗುತ್ತದೆ. ಕೊನೆಗೆ 2022ರಲ್ಲಿ, ಮರಳಿ ಬಂದ ಲೇಬರ್ ಸರಕಾರವು, 2005ರ ಮಟ್ಟಕ್ಕಿಂತ 2030ರೊಳಗೆ ಶೇಕಡ 43ರಷ್ಟು ಇಳಿಕೆಯ ಗುರಿಯುಳ್ಳ ಶಾಸನವನ್ನು ಮಾಡಿತು. ಈ ಬಾರಿ ಗ್ರೀನ್ಸ್ ಪಕ್ಷವು, ಗುರಿ ಸಾಲದೆನ್ನುತ್ತಲೇ, ಪರವಾಗಿ ಮತ ನೀಡಿತು. ಕೆಳಮನೆಯಲ್ಲಿ ವಿರೋಧ ಪಕ್ಷದಿಂದ ಅಂಗಳ ದಾಟಿದವರು ಟಾಸ್ಮೇನಿಯಾದ ಬ್ರಿಜೆಟ್ ಆರ್ಚರ್ ಒಬ್ಬರೇ.

ಹದಿಮೂರು ವರ್ಷಗಳ ಈ ಎಳೆದಾಟದ ನಷ್ಟವನ್ನು ಯಾರ ಹೆಸರಿಗೆ ಬರೆಯಬೇಕು? ವಿದ್ಯುತ್ ಸ್ಥಾವರಕ್ಕೆ ಹಣ ಹೂಡುವವನು ಮೂವತ್ತು ನಲವತ್ತು ವರ್ಷಗಳ ಲೆಕ್ಕ ಹಾಕುತ್ತಾನೆ. ಮೂರು ವರ್ಷಕ್ಕೊಮ್ಮೆ ಕಾನೂನು ತಲೆಕೆಳಗಾಗುವ ದೇಶದಲ್ಲಿ ಅವನು ಕಲ್ಲಿದ್ದಲನ್ನೂ ನಂಬಲಾರ, ಸೂರ್ಯನನ್ನೂ ನಂಬಲಾರ. ಇನ್ನು ಪ್ರಾಣಹಾನಿಯ ಮಾತು. 2019-20ರ ಬೇಸಿಗೆಯ ಕಾಳ್ಗಿಚ್ಚಿನಲ್ಲಿ 33 ಮನುಷ್ಯರು ಜೀವ ಕಳೆದುಕೊಂಡರು. ವಿಜ್ಞಾನಿಗಳ ಅಂದಾಜಿನಂತೆ ಸುಮಾರು 300 ಕೋಟಿ ಪ್ರಾಣಿಗಳು ಸತ್ತವು ಅಥವಾ ನೆಲೆ ತಪ್ಪಿದವು. 2009ರ ಮಸೂದೆ ಅಂಗೀಕಾರವಾಗಿದ್ದರೆ ಈ ಬೆಂಕಿ ಹತ್ತುತ್ತಿರಲಿಲ್ಲವೆಂದು ಹೇಳುವುದು ಅಸತ್ಯವಾದೀತು; ಒಂದು ದೇಶದ ಒಂದು ಶಾಸನ ಜಗತ್ತಿನ ಉಷ್ಣವನ್ನು ತಡೆಯಲಾರದು. ಆದರೆ ಯಾವ ಅಪಾಯದ ಬಗ್ಗೆ ಆ ಸದನಗಳು ಮತ ನೀಡುತ್ತಿದ್ದವೋ ಅದರ ಸ್ವರೂಪ ಎಂತಹುದೆಂಬುದನ್ನು ಆ ಬೇಸಿಗೆ ತೋರಿಸಿತು.

ಪಕ್ಷನಿಷ್ಠೆಯ ಪರವಾದ ವಾದ

ಪಕ್ಷನಿಷ್ಠೆಯನ್ನು ಸಾರಾಸಗಟಾಗಿ ಅಲ್ಲಗಳೆಯುವುದು ಏಕಾಂತವಾದವೇ ಆದೀತು. ಮತದಾರನು ಹೆಚ್ಚಾಗಿ ವ್ಯಕ್ತಿಯನ್ನಲ್ಲ, ಪಕ್ಷದ ಪ್ರಣಾಳಿಕೆಯನ್ನು ನೋಡಿ ಮತ ನೀಡುತ್ತಾನೆ. ಗೆದ್ದ ಮೇಲೆ ಪ್ರತಿಯೊಬ್ಬ ಸದಸ್ಯನೂ ತನ್ನ ಮನಸ್ಸು ಬಂದಂತೆ ನಡೆದರೆ ಆ ಪ್ರಣಾಳಿಕೆಗೆ ಜವಾಬ್ದಾರರು ಯಾರು? ಶಿಸ್ತಿಲ್ಲದ ಸದನದಲ್ಲಿ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಕೊಂಡುಕೊಳ್ಳುವುದು ಧನಬಲವುಳ್ಳವರಿಗೆ ಸುಲಭ. ಹತ್ತು ಕೈ ಸೇರಿದಾಗ ತೇರು ಸಾಗುತ್ತದೆ ಎಂಬುದನ್ನು ಯಾವ ಸಂಸ್ಥೆಯನ್ನು ನಡೆಸಿದವರೂ ಬಲ್ಲರು.

ಪಕ್ಷವನ್ನು ಮುರಿದವರೆಲ್ಲ ರಾಷ್ಟ್ರಹಿತಚಿಂತಕರಲ್ಲ ಎಂಬುದಕ್ಕೂ ಉದಾಹರಣೆಯುಂಟು. ಅಮೆರಿಕದಲ್ಲಿ 2021ರ ಡಿಸೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಬೃಹತ್ ಮಸೂದೆಯೊಂದು, ಅದರೊಳಗಿನ ಹವಾಮಾನ ಕ್ರಮಗಳೂ ಸೇರಿದಂತೆ, ಅದೇ ಪಕ್ಷದ ಸೆನೆಟರ್ ಜೋ ಮ್ಯಾಂಚಿನ್ ಒಬ್ಬರ ವಿರೋಧದಿಂದ ನಿಂತುಹೋಯಿತು. ಹಣದುಬ್ಬರ ಮತ್ತು ಸಾಲದ ಹೊರೆ ಅವರು ಕೊಟ್ಟ ಕಾರಣ. ಅವರು ಪ್ರತಿನಿಧಿಸುತ್ತಿದ್ದುದು ಕಲ್ಲಿದ್ದಲಿಗೆ ಹೆಸರಾದ ವೆಸ್ಟ್ ವರ್ಜೀನಿಯ ರಾಜ್ಯ. ಮರುವರ್ಷ ಆಗಸ್ಟ್‌ನಲ್ಲಿ ಅವರ ಒಪ್ಪಿಗೆಯೊಡನೆ ರೂಪುಗೊಂಡ ಕಿರಿದಾದ ಮಸೂದೆಯು 50-50ರ ಸಮಬಲವಾಗಿ, ಉಪಾಧ್ಯಕ್ಷೆಯ ನಿರ್ಣಾಯಕ ಮತದಿಂದ ಅಂಗೀಕಾರವಾಯಿತು. ಅಂದು ಎರಡೂ ಪಕ್ಷಗಳಲ್ಲಿ ಒಬ್ಬನೂ ಸಾಲು ಬಿಡಲಿಲ್ಲ. ಅಲ್ಲಿ ದೇಶಕ್ಕೆ ಶಾಸನವನ್ನು ದೊರಕಿಸಿದುದು ಪಕ್ಷದ ಶಿಸ್ತೇ.

ಆದ್ದರಿಂದ ಸಾಲು ಬಿಟ್ಟವನನ್ನು ಹೊಗಳುವುದೂ ಸಾಲಿನಲ್ಲಿ ನಿಂತವನನ್ನು ತೆಗಳುವುದೂ ನ್ಯಾಯವಲ್ಲ. ಎರಡು ಬಗೆಯ ಮತಗಳಿಗೂ ಮೂರು ಪ್ರಶ್ನೆಗಳನ್ನು ಹಾಕಬಹುದು. ಇದೇ ಮಸೂದೆ ತನ್ನ ಪಕ್ಷದಿಂದ ಬಂದಿದ್ದರೆ ತನ್ನ ಮತ ಇದೇ ಆಗುತ್ತಿತ್ತೇ? ಈ ಮತದಿಂದ ತನಗೆ ದೊರೆಯುವುದು ಲಾಭವೋ ನಷ್ಟವೋ? ಈ ಮತದ ಪರಿಣಾಮವನ್ನು ಅನುಭವಿಸುವ, ಆದರೆ ತನ್ನನ್ನು ಸೋಲಿಸಲಾಗದ ಜೀವಗಳ ಲೆಕ್ಕ ತನ್ನ ತೀರ್ಮಾನದಲ್ಲಿ ಸೇರಿದೆಯೇ? ಟ್ರೋತ್, ಬಾಯ್ಸ್, ಆರ್ಚರ್ ಅವರ ಮತಗಳು ಈ ಮೂರರಲ್ಲಿಯೂ ನಿಲ್ಲುತ್ತವೆ. 2009ರ 41ರಲ್ಲಿ ಬಹುಪಾಲು ಮೊದಲನೆಯದರಲ್ಲಿಯೇ ಸೋಲುತ್ತವೆ. ಪ್ರತಿನಿಧಿಯು ತನ್ನ ವಿವೇಕವನ್ನೂ ಮತದಾರರಿಗೆ ಸಲ್ಲಿಸಬೇಕೆಂದು 1774ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಎಡ್ಮಂಡ್ ಬರ್ಕ್ ಸಾರಿದನು. 1780ರಲ್ಲಿ ಆ ಕ್ಷೇತ್ರವನ್ನೇ ಬಿಡಬೇಕಾಯಿತು. ವಿವೇಕಕ್ಕೆ ಬೆಲೆ ತೆರಬೇಕಾಗುವುದು ಹೊಸದೇನಲ್ಲ.

ಭಾರತದ ಸ್ಥಿತಿ

ಆ ಇಬ್ಬರು ಸೆನೆಟರುಗಳು ಭಾರತದ ಸಂಸತ್ತಿನಲ್ಲಿದ್ದಿದ್ದರೆ ಏನಾಗುತ್ತಿತ್ತು? 1985ರ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯಂತೆ, ಪಕ್ಷದ ವಿಪ್ ಅನ್ನು ಮೀರಿ ಮತ ನೀಡಿದವನು ಅಥವಾ ಮತ ನೀಡದೆ ಉಳಿದವನು, ಪಕ್ಷವು ಹದಿನೈದು ದಿನಗಳೊಳಗೆ ಮನ್ನಿಸದಿದ್ದರೆ, ಸದಸ್ಯತ್ವಕ್ಕೆ ಅನರ್ಹನಾಗುತ್ತಾನೆ. ಅಂದರೆ ಇಲ್ಲಿ ಅಂಗಳ ದಾಟಿದವನು ಮನೆಯನ್ನೇ ಕಳೆದುಕೊಳ್ಳುತ್ತಾನೆ.

ಈ ಕಾನೂನು ಹುಟ್ಟಿದುದಕ್ಕೆ ಕಾರಣವಿಲ್ಲದಿಲ್ಲ. 1967ರ ಹರಿಯಾಣದ 'ಆಯಾ ರಾಮ್ ಗಯಾ ರಾಮ್' ಪ್ರಸಂಗವನ್ನು ದೇಶ ಮರೆತಿಲ್ಲ. 2019ರಲ್ಲಿ ಕರ್ನಾಟಕದ 17 ಶಾಸಕರ ಅನರ್ಹತೆಯ ಪ್ರಕರಣವನ್ನು ವಾಚಕರು ಕಣ್ಣಾರೆ ಕಂಡಿದ್ದಾರೆ. ಆದರೆ ಸರಕಾರವನ್ನು ಉರುಳಿಸುವ ಪಕ್ಷಾಂತರಕ್ಕೂ, ಒಂದು ಮಸೂದೆಯ ಗುಣಾವಗುಣಗಳ ಬಗೆಗಿನ ಭಿನ್ನಮತಕ್ಕೂ ಕಾನೂನು ಒಂದೇ ಶಿಕ್ಷೆಯನ್ನು ಇಟ್ಟಿದೆ. ಅನರ್ಹತೆಯನ್ನು ವಿಶ್ವಾಸಮತದಂತಹ ಪ್ರಸಂಗಗಳಿಗೆ ಸೀಮಿತಗೊಳಿಸಬೇಕೆಂದು 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ ಸಲಹೆ ನೀಡಿತು. 1992ರಲ್ಲಿ ಕಿಹೋಟೋ ಹೊಲ್ಲೋಹನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾನೂನನ್ನು ಎತ್ತಿಹಿಡಿದರೂ, ವಿಪ್‌ನ ಬಳಕೆಗೆ ಇಂತಹುದೇ ಮಿತಿಯಿರುವುದು ಉಚಿತವೆಂದು ಸೂಚಿಸಿತು. ಸಲಹೆಗಳು ಕಡತದಲ್ಲಿಯೇ ಉಳಿದಿವೆ.

ಇದರ ಫಲವಾಗಿ ಭಾರತದಲ್ಲಿ ಹವಾಮಾನದ ಶಾಸನಗಳ ಮೇಲೆ ಒಬ್ಬೊಬ್ಬ ಸದಸ್ಯನ ನಿಲುವನ್ನು ತೂಗಲು ಸಾಮಗ್ರಿಯೇ ದೊರೆಯುವುದಿಲ್ಲ. ಇಂಗಾಲದ ಪರವಾನಗಿಗಳ ವ್ಯಾಪಾರಕ್ಕೆ ದಾರಿ ಮಾಡಿದ 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಮಸೂದೆಯು ಧ್ವನಿಮತದಿಂದ ಅಂಗೀಕಾರವಾಯಿತು. ಧ್ವನಿಮತದಲ್ಲಿ ಗದ್ದಲ ದಾಖಲಾಗುತ್ತದೆ, ಹೆಸರು ದಾಖಲಾಗುವುದಿಲ್ಲ. ಹೆಸರಿಲ್ಲದ ಮತಕ್ಕೆ ಹೊಣೆಯೂ ಇರುವುದಿಲ್ಲ. ಆಸ್ಟ್ರೇಲಿಯಾದ ದೋಷಗಳನ್ನು ಇಷ್ಟು ವಿವರವಾಗಿ ಎಣಿಸಲು ಸಾಧ್ಯವಾದುದು ಆ ದೇಶವು ಅವುಗಳನ್ನು ಮುಚ್ಚಿಡದೆ ಬರೆದಿಟ್ಟುದರಿಂದ.

ಮಾಡಬಹುದಾದ ಕಾರ್ಯ

ಪಕ್ಷನಿಷ್ಠೆ ಮತ್ತು ರಾಷ್ಟ್ರಹಿತ ಯಾವಾಗಲೂ ಕಾದಾಡಬೇಕಾಗಿಲ್ಲ. ಬ್ರಿಟನ್ನಿನ ಕೆಳಮನೆಯು 2008ರ ಅಕ್ಟೋಬರ್ 28ರಂದು ಹವಾಮಾನ ಶಾಸನವನ್ನು 463ಕ್ಕೆ 3 ಮತಗಳಿಂದ ಅಂಗೀಕರಿಸಿತು. ಮಸೂದೆ ಲೇಬರ್ ಪಕ್ಷದ್ದು; ವಿರೋಧದಲ್ಲಿದ್ದ ಕನ್ಸರ್ವೇಟಿವ್ ಪಕ್ಷವು ಬೆಂಬಲಿಸಿತು. ಗುರಿಯ ಕಡೆಗಿನ ನಡಿಗೆಯನ್ನು ಪರೀಕ್ಷಿಸಲು, ಮನೆಯ ಲೆಕ್ಕಕ್ಕೆ ಹೊರಗಿನ ಲೆಕ್ಕ ಪರಿಶೋಧಕನನ್ನು ನೇಮಿಸುವಂತೆ, ಸ್ವತಂತ್ರ ಸಮಿತಿಯೊಂದನ್ನು ಆ ಶಾಸನವೇ ಸ್ಥಾಪಿಸಿತು. ಮುಂದೆ ಕನ್ಸರ್ವೇಟಿವ್ ಸರಕಾರಗಳು ಬಂದಾಗಲೂ ಅದು ಉಳಿಯಿತು. ಆದರೆ 2025ರ ಅಕ್ಟೋಬರ್‌ನಲ್ಲಿ ಅದೇ ಪಕ್ಷದ ನಾಯಕಿ ಕೆಮಿ ಬೇಡನಾಕ್ ಅವರು ಆ ಶಾಸನವನ್ನು ರದ್ದುಪಡಿಸುವ ಭರವಸೆ ನೀಡಿದರು; ಮರುತಿಂಗಳು ಆಸ್ಟ್ರೇಲಿಯಾದ ಲಿಬರಲ್ ಪಕ್ಷವು 2050ರ ಶೂನ್ಯ ಹೊರಸೂಸುವಿಕೆಯ ಗುರಿಯನ್ನು ಕೈಬಿಟ್ಟಿತು. ಒಮ್ಮೆ ಆದ ಒಮ್ಮತವನ್ನೂ ಪ್ರತಿವರ್ಷ ನವೀಕರಿಸಬೇಕಾಗುತ್ತದೆ.

ಈ ವಿಚಾರವು ದೂರದ ಸಂಸತ್ತುಗಳಿಗೆ ಮಾತ್ರ ಸೇರಿದುದೆಂದು ವಾಚಕರು ಭಾವಿಸಬಾರದು. ಬಸದಿಯ ಟ್ರಸ್ಟುಗಳಲ್ಲಿ, ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ, ಸಹಕಾರಿ ಸಂಘಗಳಲ್ಲಿ ಗುಂಪುಗಳು ಇಲ್ಲದಿಲ್ಲ. ಕೆರೆಯ ಹೂಳೆತ್ತುವ ಸೂಚನೆಯನ್ನು ಮಂಡಿಸಿದವನು ಎದುರು ಗುಂಪಿನವನೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವ ಸಭೆಗಳು ಎಲ್ಲ ಊರುಗಳಲ್ಲಿಯೂ ನಡೆಯುತ್ತವೆ. ಅಲ್ಲಿಯೂ ಕೆರೆಯ ನೀರನ್ನು ಕುಡಿಯಬೇಕಾದ ಮುಂದಿನ ತಲೆಮಾರಿಗೆ ಮತವಿರುವುದಿಲ್ಲ. ವಿಶ್ವಸ್ತರಾದವರು ಮುಖ್ಯ ನಿರ್ಣಯಗಳ ಮೇಲೆ ಪ್ರತಿಯೊಬ್ಬರ ಮತವನ್ನೂ ಕಾರಣಸಹಿತವಾಗಿ ನಡಾವಳಿ ಪುಸ್ತಕದಲ್ಲಿ ಬರೆಯಿಸುವ ಪದ್ಧತಿಯನ್ನು ಇಟ್ಟುಕೊಳ್ಳಬಹುದು. ಭಿನ್ನಮತವನ್ನು ಬರೆಯಿಸಿದವನನ್ನು ಶತ್ರುವೆಂದು ಕಾಣದಿರುವುದನ್ನು ರೂಢಿಸಿಕೊಳ್ಳಬಹುದು. ಚುನಾವಣೆಯಲ್ಲಿ ಮತ ಕೇಳಲು ಬರುವ ಅಭ್ಯರ್ಥಿಯನ್ನು, ಕಾಡು, ನೀರು, ಗಾಳಿಗೆ ಸಂಬಂಧಿಸಿದ ಒಳ್ಳೆಯ ಮಸೂದೆಯನ್ನು ಎದುರು ಪಕ್ಷವು ತಂದರೆ ಏನು ಮಾಡುವಿರಿ ಎಂದು ಕೇಳಬಹುದು. ಅವನ ಪಕ್ಷ ಯಾವುದೆಂಬುದಕ್ಕಿಂತ ಆ ಪ್ರಶ್ನೆಗೆ ಅವನು ನೀಡುವ ಉತ್ತರವು ಮತದಾರನಿಗೆ ಹೆಚ್ಚು ಪ್ರಯೋಜನಕಾರಿ.